ಭಾವ ಹೇಳ್ತಾರೆ: "ನಿನ್ನ ಮನಸ್ಸೇ ಸಣ್ಣದು, ಅದಕ್ಕೇ ನೀನು ಅಲ್ಲೇ ಉಳಿದೆ." ಇದು ಸರಿಯಾ?

ಡೊಂಬಿವಲಿ ಲೋಕಲ್
ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ಹೋದ ಭಾನುವಾರ ನೆರೂಳಿನಲ್ಲಿ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಭಾವ ಶುರು ಮಾಡಿದರು. "ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬೊಂಬಾಯಿಗೆ ಬಂದವರು. ನನಗೆ ಈಗ ಎರಡು ಹೋಟೆಲು. ಇವನು ಇನ್ನೂ ಅದೇ ಲೋಕಲ್ ಟ್ರೇನು. ಯಾಕೆ? ಇವನ ಮನಸ್ಸೇ ಸಣ್ಣದು. ದೊಡ್ಡದು ಯೋಚನೆ ಮಾಡುವ ಧೈರ್ಯವೇ ಇಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾತು ಸುಳ್ಳಲ್ಲ. 1994ರಲ್ಲಿ ಇಬ್ಬರೂ ಕುಂದಾಪುರ ಕಡೆಯಿಂದ ಒಟ್ಟಿಗೆ ಬಂದೆವು. ಕೊಂಕಣ ರೈಲು ಆಗ ಪೂರ್ತಿ ಆಗಿರಲಿಲ್ಲ, ಬಸ್ಸಿನಲ್ಲಿ ಒಂದು ರಾತ್ರಿ ಒಂದು ಹಗಲು. ಮುಂಬಯಿಯ ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ, ರಾತ್ರಿ ಅದೇ ಹೋಟೆಲಿನ ಮಾಳಿಗೆಯಲ್ಲಿ ಹನ್ನೊಂದು ಜನ ಸಾಲಾಗಿ ಮಲಗುವುದು. ಅವರು ಆಗ ನನಗೆ ಭಾವ ಅಲ್ಲ, ಪಕ್ಕದ ಮನೆಯ ಅಣ್ಣ. ಅಕ್ಕನನ್ನು ಮದುವೆ ಆದದ್ದು ಆಮೇಲೆ.

2006ರಲ್ಲಿ ಅವರಿಗೆ ನವಿ ಮುಂಬಯಿಯಲ್ಲಿ ಒಂದು ಹೋಟೆಲ್ ಕಂಡಕ್ಟಿಗೆ, ಅಂದರೆ ಕರಾರಿನ ಮೇಲೆ ನಡೆಸಲು, ಸಿಕ್ಕಿತು. ಪಾಲಿಗೆ ಬಾ ಅಂದರು. ನಾನು ಹೋಗಲಿಲ್ಲ. ಮಸ್ಜಿದ್ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಅದರಲ್ಲೇ ಉಳಿದೆ. ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಹೋದ ವರ್ಷ ಸಾಲ ಮುಗಿಯಿತು. ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಿಗ್ಗೆ ಐದಕ್ಕೇ ಎಚ್ಚರ. ಭಾವನಿಗೆ ಮಾತ್ರೆ ಇಲ್ಲದೆ ನಿದ್ದೆ ಇಲ್ಲ.

ಇಷ್ಟಕ್ಕೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಬರುವಾಗ ಥಾಣೆಯಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತುತ್ತಾ ಇದ್ದೆವು. ಮಗ, ಈಗ ಹತ್ತನೇ ಕ್ಲಾಸ್ ಮುಗಿಸಿದವ, ಮೆಟ್ಟಿಲ ಮೇಲೆ ನಿಂತು ಕೇಳಿದ. "ಅಪ್ಪ, ನೀನು ಟ್ರೈ ಮಾಡಲೇ ಇಲ್ವಾ?"

ಏನು ಹೇಳಬೇಕೋ ಗೊತ್ತಾಗಲಿಲ್ಲ. ಗಾಡಿ ಬಂತು ಅಂತ ಹೇಳಿ ಓಡಿಸಿಕೊಂಡು ಹೋದೆ.

ನಿಜ ಹೇಳಿ. ಮೇಲೆ ಬರುವುದು, ಬರದೆ ಇರುವುದು ಎಲ್ಲ ಮನಸ್ಸಿನದ್ದೇ ಆಟವಾ? ಇದ್ದದ್ದರಲ್ಲಿ ಖುಷಿಯಾಗಿ ಇದ್ದೇನೆ ಅನ್ನುವುದು ಹೆದರಿಕೆಗೆ ನಾನು ಇಟ್ಟುಕೊಂಡ ಒಳ್ಳೆ ಹೆಸರಾ?

ಸುಮ್ನೆ ಬಂದೆ
ಸಾಲ ಮುಗಿದಿದೆ, ನಿದ್ದೆ ಬರ್ತದೆ. ಮುಂಬಯಿಯಲ್ಲಿ ಇದಕ್ಕಿಂತ ಶ್ರೀಮಂತ ಯಾರು ಮಾರಾಯ್ರೆ?

ಗಲ್ಲಾಪೆಟ್ಟಿಗೆ
ನಾನು ಘಾಟ್ಕೋಪರಿನಲ್ಲಿ ಹೋಟೆಲ್ ನಡೆಸುವವನು, ಹಾಗಾಗಿ ನಿಮ್ಮ ಭಾವನ ಪರ. ಬೇಜಾರು ಮಾಡಿಕೊಳ್ಳಬೇಡಿ. ಒಟ್ಟಿಗೆ ಮಲಗಿದ್ದ ಹನ್ನೊಂದು ಜನರಲ್ಲಿ ಎಷ್ಟು ಜನ ಗಲ್ಲಾದ ಆಚೆ ಬದಿಗೆ ಹೋದರು? ಒಬ್ಬರೋ ಇಬ್ಬರೋ ಅಲ್ವಾ? ಎಲ್ಲರಿಗೂ ಅದೇ ಮಾಳಿಗೆ, ಅದೇ ಸಾರು ಅನ್ನ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಮನಸ್ಸಿನಿಂದಲೇ ಬರಬೇಕು.

ನಮ್ಮ ಧಣಿಗಳ ಕಥೆ ಹೇಳುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಗ ಅವರ ಹೋಟೆಲು ಕಾಲೀನಾದಲ್ಲಿ. ನಾನು ಅಲ್ಲಿ ವೇಟರು. ಎದೆ ಮಟ್ಟ ನೀರು. ಎರಡು ದಿನ ಬಿಟ್ಟು ಶಟರ್ ಎತ್ತಿದರೆ ಅಕ್ಕಿ ಮೂಟೆಗಳೆಲ್ಲ ಉಬ್ಬಿ, ಹೊಲಿಗೆ ಬಿಚ್ಚಿ, ಅಕ್ಕಿ ಹೊರಗೆ ಬರ್ತಾ ಇದೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ನಾವೆಲ್ಲ ತಲೆ ಮೇಲೆ ಕೈ ಹೊತ್ತು ನಿಂತಿದ್ದೆವು. ಧಣಿಗಳು ಒಂದು ಮೂಟೆಗೆ ಕೈ ಹಾಕಿ ಮುಷ್ಟಿ ತೆಗೆದು ನೋಡಿ, "ಚೆನ್ನಾಗಿ ನೆನೆದಿದೆ, ಉದ್ದು ಎಲ್ಲುಂಟು ನೋಡಿ" ಅಂದರು! ಹತ್ತೇ ದಿನದಲ್ಲಿ ಚಹಾ, ವಡಾ ಇಟ್ಟು ಪುನಃ ಶುರು. ಪಕ್ಕದ ಅಂಗಡಿಯವ ಆ ವರ್ಷ ಬಾಗಿಲು ಹಾಕಿದವ ಮತ್ತೆ ತೆರೆಯಲೇ ಇಲ್ಲ. ಮನಸ್ಸು ಅಂದರೆ ಅದು.

ಟಿಪ್ಪರ್ ಅಣ್ಣ (ಗೋವಾ)
ಒಂದು ಮಾತು ಕೇಳ್ತೀನಿ ಗಲ್ಲಾ ಸಾಹೇಬ್ರ. ಹತ್ತು ದಿನದಾಗ ಶುರು ಮಾಡಾಕ ರೊಕ್ಕ ಯಾರು ಕೊಟ್ರು?

ಗಲ್ಲಾಪೆಟ್ಟಿಗೆ
ಥಾಣೆಯಲ್ಲಿ ಅವರ ಅಣ್ಣ ಇದ್ದರು. ಅವರು ಕೊಟ್ಟರು.

ಟಿಪ್ಪರ್ ಅಣ್ಣ (ಗೋವಾ)
ಹಾಂ. ಬಾಜೂ ಅಂಗಡಿಯವನಿಗೆ ಥಾಣೆದಾಗ ಅಣ್ಣ ಇರಲಿಲ್ಲ ಅಂತ ಕಾಣ್ತದ.

ಸುಮ್ನೆ ಬಂದೆ
😂😂 ಇವತ್ತಿಗೆ ಇಷ್ಟು ಸಾಕು, ನಾನು ಮಲಗಲು ಹೋಗ್ತೇನೆ

ಗಲ್ಲಾಪೆಟ್ಟಿಗೆ
ನಗಿ ನಗಿ. ಅಣ್ಣ ಇದ್ದವರೆಲ್ಲ ಎದ್ದು ನಿಲ್ಲುವುದಿಲ್ಲ ಸ್ವಾಮಿ. ಹಣ ಸಿಕ್ಕಿದ ಮೇಲೂ ಆ ಕೊಳೆತ ಅಕ್ಕಿ ತೆಗೆದು ನೆಲ ತೊಳೆಯಲು ಮನಸ್ಸು ಬೇಕು.

ಟಿಪ್ಪರ್ ಅಣ್ಣ (ಗೋವಾ)
ಅದಕ್ಕ ಇಲ್ಲ ಅನ್ನೂದಿಲ್ಲ. ಆದ್ರ ನನ್ನ ಕಥಿನೂ ಕೇಳ್ರಿ, ಈಗ ಸ್ವಲ್ಪ ಪುಸ್ತಕದ ಭಾಷೆಯಲ್ಲೇ ಬರೀತೀನಿ, ಇಲ್ಲಾಂದ್ರೆ ಕರಾವಳಿಯವರು ಅರ್ಥ ಆಗಲಿಲ್ಲ ಅಂತಾರೆ.

ನಾನು ವಿಜಯಪುರದ ಕಡೆಯವನು. 2010ರಲ್ಲಿ ಹೊಲ ಒತ್ತೆ ಇಟ್ಟು, ಸಾಲ ಮಾಡಿ ಸಾವರ್ಡೆಯಲ್ಲಿ ಒಂದು ಟಿಪ್ಪರ್ ತಗೊಂಡೆ. ಗಣಿಯಿಂದ ಬಾರ್ಜ್ ನಿಲ್ಲುವ ಜೆಟ್ಟಿವರೆಗೆ ಅದಿರು ಸಾಗಿಸುವ ಕೆಲಸ. ದಿನಕ್ಕೆ ಎಷ್ಟು ಟ್ರಿಪ್ ಹೊಡೆದೆಯೋ ಅಷ್ಟು ದುಡ್ಡು. ನಾನು ಎಲ್ಲರಿಗಿಂತ ಒಂದು ಟ್ರಿಪ್ ಜಾಸ್ತಿ ಹೊಡೆಯುತ್ತಿದ್ದೆ. ಆಗ ಊರಿಗೆ ಹೋದರೆ ನಾನೂ ನಿಮ್ಮ ಭಾವನ ಹಂಗೇ ಭಾಷಣ ಮಾಡ್ತಿದ್ದೆ. ಕಟ್ಟೆ ಮೇಲೆ ಕೂತ ಹುಡುಗರಿಗೆ "ದುಡಿಯುವ ಮನಸ್ಸಿಲ್ಲ ನಿಮಗೆ" ಅಂತ.

2012ರ ಸೆಪ್ಟೆಂಬರಿನಲ್ಲಿ ಗೋವಾದ ಗಣಿಗಾರಿಕೆ ನಿಂತಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ನಿಲ್ಲಿಸಿ ಅಂತು. ಅಕ್ರಮ ಆಗಿತ್ತು, ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ನನ್ನ ಟಿಪ್ಪರಿಗೆ ಇನ್ನೂ ಮೂರು ವರ್ಷದ ಕಂತು ಇತ್ತು. ರಸ್ತೆ ಬದಿ ಸಾಲುಸಾಲು ಗಾಡಿ ನಿಂತು ಟೈರಿನ ಮೇಲೆ ಹುಲ್ಲು ಬೆಳೆದಿತ್ತು. ನನಗಿಂತ ಜಾಸ್ತಿ ಧೈರ್ಯ ಇದ್ದವರು ಎರಡು ಮೂರು ಗಾಡಿ ತಗೊಂಡಿದ್ದರು, ಅವರೇ ಜಾಸ್ತಿ ಮುಳುಗಿದರು. ಹೆದರಿಕೊಂಡು ಡ್ರೈವರ್ ಆಗೇ ಉಳಿದವನು ಬಚಾವಾದ. ಈಗ ಹೇಳಿ, ಯಾರ ಮನಸ್ಸು ದೊಡ್ಡದು, ಯಾರದು ಸಣ್ಣದು?

ಮತ್ತೆ ಸ್ವಲ್ಪ ಶುರುವಾಯಿತು, 2018ರ ಮಾರ್ಚಿನಲ್ಲಿ ಮತ್ತೆ ಬಂದ್. ಅಷ್ಟರಲ್ಲಿ ನಾನು ಗಾಡಿ ಮಾರಿ ನೀರಿನ ಟ್ಯಾಂಕರ್ ತಗೊಂಡಿದ್ದೆ, ಹಂಗಾಗಿ ಎರಡನೇ ಸಲ ಹೊಡೆತ ಬೀಳಲಿಲ್ಲ. ಜನ ಅದನ್ನ ನನ್ನ ಜಾಣತನ ಅಂತಾರೆ. ಖರೇ ಹೇಳಬೇಕಂದ್ರೆ ಕಂತು ಕಟ್ಟಲಾಗದೆ ಮಾರಿದ್ದು.

ಕೋಥ್ರೂಡ್ ಕಾಫಿ
ಟಿಪ್ಪರ್ ಅಣ್ಣನ ಕೊನೆ ಸಾಲು ಎಲ್ಲ ಪ್ರೇರಣಾ ಭಾಷಣಕಾರರ ಗೋಡೆ ಮೇಲೆ ಬರೆಯಬೇಕು 👏

ಪುಣೆಯವರಿಗೆ ಒಂದು ಹತ್ತಿರದ ಉದಾಹರಣೆ ಇದೆ. ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿನಲ್ಲಿ ಗದುಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟರು. ಊರೂರು ಸುತ್ತಿ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತು, ಪುಣೆಯಲ್ಲಿ ನೆಲೆಸಿ, ಭಾರತರತ್ನದವರೆಗೆ ಹೋದರು. ಅವರ ಹಠದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಕಾಲದಲ್ಲಿ ಹಾಡಿನ ಹುಚ್ಚಿಗೆ ಮನೆ ಬಿಟ್ಟು ಓಡಿದ ಹುಡುಗರು ಇನ್ನೆಷ್ಟು ಇದ್ದರೋ. ಅವರ ಕಥೆ ಯಾರೂ ಬರೆಯಲಿಲ್ಲ. ಗೆದ್ದವರನ್ನು ಮಾತ್ರ ಸಾಲಾಗಿ ನಿಲ್ಲಿಸಿ "ನೋಡಿ, ಎಲ್ಲರಿಗೂ ಹಠ ಇತ್ತು" ಅಂದರೆ ಅದು ಅರ್ಧ ಲೆಕ್ಕ. ಸೋತವರಲ್ಲೂ ಎಷ್ಟು ಜನರಿಗೆ ಅದೇ ಹಠ ಇತ್ತು ಅಂತ ಎಣಿಸಬೇಕು.

ಮಾಟುಂಗಾ ಮಲ್ಲಿಗೆ
ಜೋಶಿಯವರನ್ನು ಇದಕ್ಕೆ ಎಳೆಯಬೇಡಿ ಪ್ಲೀಸ್. ಮನೆ ಬಿಟ್ಟು ಹೋದದ್ದು ಮುಖ್ಯ ಅಲ್ಲ, ಆಮೇಲೆ ವರ್ಷಗಟ್ಟಲೆ ಕೂತು ಮಾಡಿದ ಸಾಧನೆ ಮುಖ್ಯ. ಗುರುಗಳ ಮನೆಯಲ್ಲಿ ನೀರು ಹೊತ್ತವರು ಅವರು.

ಕೋಥ್ರೂಡ್ ಕಾಫಿ
ಅಕ್ಕಾ, ನಾನು ಅವರನ್ನು ಸಣ್ಣದು ಮಾಡಲಿಲ್ಲ. ಸವಾಯಿ ಗಂಧರ್ವ ಉತ್ಸವದಲ್ಲಿ ರಾತ್ರಿಯಿಡೀ ಕೂತು ಅವರನ್ನು ಕೇಳಿದ ಮನೆಯವನು ನಾನು.

ಹಿಂಜವಡಿ ನೈಟ್ ಶಿಫ್ಟ್
ನನಗೆ ಮನೋಧರ್ಮ, ಪಾಸಿಟಿವ್ ಇತ್ಯಾದಿ ಪದ ಕೇಳಿದರೆ ಹೊಟ್ಟೆ ತೊಳೆಸುತ್ತದೆ. ನಮ್ಮ ಹಳೆ ಕಂಪನಿಯಲ್ಲಿ ಒಂದು ಶುಕ್ರವಾರ ಎಲ್ಲರನ್ನೂ ದೊಡ್ಡ ಹಾಲಿಗೆ ಕರೆದು ಒಬ್ಬರು ಬಂದು ಮೂರು ಗಂಟೆ ಮಾತಾಡಿದರು. ಕಣ್ಣು ಮುಚ್ಚಿ ಐದು ವರ್ಷ ಬಿಟ್ಟು ನೀವು ಎಲ್ಲಿರುತ್ತೀರಿ ಅಂತ ನೋಡಿಕೊಳ್ಳಿ ಅಂದರು. ನಾನು ಬಾವಧನ್‌ನಲ್ಲಿ ಫ್ಲಾಟ್ ನೋಡಿದೆ, ಬಾಲ್ಕನಿಯಲ್ಲಿ ಗಿಡ ಸಮೇತ. ಮುಂದಿನ ತಿಂಗಳು ನಲವತ್ತು ಜನರನ್ನು ತೆಗೆದರು, ನಾನೂ ಸೇರಿ. ನನ್ನ ಪಕ್ಕ ಕೂತು ಮುಗುಳ್ನಗುತ್ತಾ ಕಣ್ಣು ಮುಚ್ಚಿದ್ದ ಎಚ್‌ಆರ್ ಮೇಡಂಗೆ ಅವತ್ತೇ ಪಟ್ಟಿ ಗೊತ್ತಿತ್ತಂತೆ!

ಸುಮ್ನೆ ಬಂದೆ
ಗಿಡ ಯಾವುದು?

ಹಿಂಜವಡಿ ನೈಟ್ ಶಿಫ್ಟ್
ಕರಿಬೇವು.

ಮುಲುಂದ್ ಟೀಚರಮ್ಮ
ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ನೀವೆಲ್ಲ ಮನಸ್ಸನ್ನು ಪೂರ್ತಿ ಮೂಲೆಗೆ ತಳ್ಳುತ್ತಾ ಇದ್ದೀರಿ, ಅದೂ ಸರಿಯಲ್ಲ.

ನಮ್ಮಲ್ಲಿ ಬರುತ್ತಿದ್ದವರು ಹೆಚ್ಚಿನವರು ಕೂಲಿ ಮಾಡುವವರ ಮಕ್ಕಳು. ಒಂದು ಹುಡುಗಿ ಗಣಿತದಲ್ಲಿ ಒಂದು ಸಲ ಫೇಲಾದ ಮೇಲೆ ಸ್ಲೇಟು ಮುಟ್ಟಲೇ ಇಲ್ಲ. ಕೇಳಿದರೆ, "ನನ್ನ ತಲೆಗೆ ಗಣಿತ ಇಲ್ಲ ಟೀಚರ್, ಅವ್ವ ಹೇಳ್ಯಾಳ" ಅನ್ನುವುದು. ಅವ್ವನಿಗೆ ಅವಳವ್ವ ಹೇಳಿದ್ದಳೋ ಏನೋ. ನಾನು ಏನೂ ದೊಡ್ಡದು ಮಾಡಲಿಲ್ಲ. ಅವಳನ್ನು ದಿನಾ ಮಧ್ಯಾಹ್ನ ಊಟದ ಲೆಕ್ಕ ಬರೆಯಲು ಕೂರಿಸಿದೆ. ಇವತ್ತು ಎಷ್ಟು ಮಕ್ಕಳು, ಎಷ್ಟು ತಟ್ಟೆ, ಎಷ್ಟು ಉಳಿಯಿತು. ಗಣಿತ ಅಂತ ಹೆಸರೇ ಎತ್ತಲಿಲ್ಲ. ಮೂರು ತಿಂಗಳ ಮೇಲೆ ಅವಳ ಪುಸ್ತಕ ತೋರಿಸಿ, "ಇದು ಯಾರು ಮಾಡಿದ್ದು?" ಅಂತ ಕೇಳಿದೆ. ಬಹಳ ಹೊತ್ತು ನೋಡಿದಳು. ಈಗ ಭಾಂಡುಪಿನಲ್ಲಿ ಸ್ವಂತ ಟೇಲರಿಂಗ್ ಅಂಗಡಿ ಇದೆ, ನಾಲ್ಕು ಮೆಷಿನ್ನು. ಬ್ಲೌಸಿನ ಬಟ್ಟೆಯಲ್ಲಿ ಒಂದು ಇಂಚು ಹಾಳು ಮಾಡುವುದಿಲ್ಲ.

ಕ್ಯಾರಲ್ ಡ್ವೆಕ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ. ಅವರೂ ಅವರ ಜೊತೆಯವರೂ 1998ರಲ್ಲಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗ ನಮ್ಮ ತರಬೇತಿಯಲ್ಲಿ ಹೇಳಿದ್ದರು. "ನೀನು ಜಾಣ" ಅಂತ ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಪ್ರಶ್ನೆ ಬಂದಾಗ ಬೇಗ ಕೈ ಚೆಲ್ಲಿದವು. "ಚೆನ್ನಾಗಿ ಶ್ರಮ ಹಾಕಿದೆ" ಅಂತ ಹೇಳಿಸಿಕೊಂಡವು ಬಿಡದೆ ಹಿಡಿದವು. ನನಗೆ ಅದು ಓದುವ ಮೊದಲೇ ತರಗತಿಯಲ್ಲಿ ಗೊತ್ತಿತ್ತು.

ಅಂಕಿ ಸಂಖ್ಯೆ
ಟೀಚರ್, ನಿಮ್ಮ ಹುಡುಗಿಯ ಕಥೆ ತುಂಬಾ ಇಷ್ಟ ಆಯಿತು. ಒಂದು ಸೇರಿಸುತ್ತೇನೆ. ಆ ವಿಚಾರವನ್ನು ಆಮೇಲೆ ಅಮೆರಿಕದಲ್ಲೇ ಸುಮಾರು 12,000 ಒಂಬತ್ತನೇ ಕ್ಲಾಸಿನ ಮಕ್ಕಳ ಮೇಲೆ ಪರೀಕ್ಷೆ ಮಾಡಿದರು, 2019ರಲ್ಲಿ ಪ್ರಕಟ ಆಯಿತು. ಬುದ್ಧಿ ಬೆಳೆಯುತ್ತದೆ ಅಂತ ತಿಳಿಸುವ ಒಂದು ಗಂಟೆಗೂ ಕಮ್ಮಿ ಅವಧಿಯ ಪಾಠ. ಹಿಂದುಳಿದ ಮಕ್ಕಳ ಅಂಕ ಏರಿತು, ಆದರೆ ನಾಲ್ಕು ಪಾಯಿಂಟಿನ ಅಳತೆಯಲ್ಲಿ 0.1ರಷ್ಟು ಮಾತ್ರ. ಅಂದರೆ ಇದೆ, ಆದರೆ ಚಮತ್ಕಾರ ಅಲ್ಲ.

ಮುಲುಂದ್ ಟೀಚರಮ್ಮ
ಒಂದು ಗಂಟೆಗೆ ಅಷ್ಟು ಬಂದರೆ ಧಾರಾಳ ಆಯ್ತಪ್ಪ. ನಾನು ಮೂರು ತಿಂಗಳು ತಟ್ಟೆ ಎಣಿಸಿದ್ದೇನೆ.

ಗಲ್ಲಾಪೆಟ್ಟಿಗೆ
ಟೀಚರ್ ನನ್ನ ಕಡೆ 💪

ಮುಲುಂದ್ ಟೀಚರಮ್ಮ
ನಾನು ಯಾರ ಕಡೆಯೂ ಇಲ್ಲ. ಆ ಹುಡುಗಿಗೆ ಧೈರ್ಯ ತಗೋ ಅಂತ ಬರೀ ಬಾಯಲ್ಲಿ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಅವಳ ಕೈಗೆ ಲೆಕ್ಕದ ಪುಸ್ತಕ ಕೊಟ್ಟೆ, ಅದು ಕೆಲಸ ಮಾಡಿತು. ನಿಮ್ಮ ಧಣಿಗಳಿಗೆ ಅಣ್ಣ ಕೊಟ್ಟ ಹಾಗೆ.

ಪರೇಲ್ ಭೋಂಗಾ
ನಮ್ಮಪ್ಪ ಸೊಲ್ಲಾಪುರದ ಕಡೆಯಿಂದ ಬಂದು ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. 1982ರ ಜನವರಿ 18ರಂದು ಮುಷ್ಕರ ಶುರು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಹೆಚ್ಚಿನವರು ವಾಪಸ್ ಹೋಗಲೇ ಇಲ್ಲ. ಅಪ್ಪ ಆಮೇಲೆ ಬಾಳೆಹಣ್ಣಿನ ಗಾಡಿ ಇಟ್ಟರು. ಆದರೂ ಎಷ್ಟೋ ವರ್ಷ ಮೊದಲ ಪಾಳಿಯ ಭೋಂಗಾ (ಗಿರಣಿಯ ಸೈರನ್) ಆಗುವ ಹೊತ್ತಿಗೆ ಎದ್ದು, ಮುಖ ತೊಳೆದು, ಟೋಪಿ ಹಾಕಿಕೊಂಡು ಖೋಲಿಯ ಬಾಗಿಲಲ್ಲಿ ಕೂತಿರುತ್ತಿದ್ದರು. ಭೋಂಗಾ ನಿಂತು ಹೋಗಿತ್ತು. ಇದಕ್ಕೆ ಯಾವ ಮನೋಧರ್ಮ ಅಂತ ಹೆಸರಿಡುತ್ತೀರೋ ಇಡಿ.

ಮಾಟುಂಗಾ ಮಲ್ಲಿಗೆ
🙏

ಕೋಥ್ರೂಡ್ ಕಾಫಿ
ಮೂಲ ಪ್ರಶ್ನೆಗೆ ಬರೋಣ. ಡೊಂಬಿವಲಿಯವರು ತೃಪ್ತಿಯ ಬಗ್ಗೆ ಕೇಳಿದ್ದಾರೆ. ಇದು ಬಹಳ ಮಟ್ಟಿಗೆ ನಾವು ಯಾರ ಪಕ್ಕ ನಿಂತು ಅಳೆಯುತ್ತೇವೆ ಅನ್ನುವುದರ ಮೇಲೆ ಇದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ವಿಡಿಯೊ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದರು, 1995ರಲ್ಲಿ ಬಂತು. ಪದಕ ಗೆದ್ದವರ ಮುಖ ನೋಡಿ ಎಷ್ಟು ಖುಷಿಯಾಗಿದ್ದಾರೆ ಅಂತ ಅಂಕ ಕೊಡಿಸಿದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರು ಜಾಸ್ತಿ ಖುಷಿಯಲ್ಲಿ ಕಂಡರು. ಬೆಳ್ಳಿಯವನು ಚಿನ್ನದವನನ್ನು ನೋಡುತ್ತಾನೆ, ಕಂಚಿನವನು ಬರಿಗೈಯಲ್ಲಿ ಹೋದ ನಾಲ್ಕನೆಯವನನ್ನು ನೋಡುತ್ತಾನೆ.

ನಿಮ್ಮ ಭಾವ ಬೆಳ್ಳಿ. ಮೂರು ಹೋಟೆಲಿನವನನ್ನು ನೋಡಿ ನಿದ್ದೆ ಬಿಟ್ಟಿದ್ದಾರೆ. ನೀವು ಕಂಚು.

ಟಿಪ್ಪರ್ ಅಣ್ಣ (ಗೋವಾ)
ಮತ್ತ ನಾಲ್ಕನೇದವ ಯಾರಪಾ, ನಾನಾ?

ಅಂಕಿ ಸಂಖ್ಯೆ
ನಾಲ್ಕನೆಯವರು ಅಂದರೆ ನಮಗೆ ಪಿ.ಟಿ. ಉಷಾ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ 400 ಮೀಟರ್ ಹರ್ಡಲ್ಸ್, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಹೋಯಿತು. ಅಲ್ಲಿ ಯಾವ ಧೋರಣೆ ಕಮ್ಮಿ ಇತ್ತು ಹೇಳಿ.

ಮಾಟುಂಗಾ ಮಲ್ಲಿಗೆ
ಹಣ ಬಂದರೆ ಸುಖ ಬರುವುದಿಲ್ಲ ಅಂತ ಲಾಟರಿ ಗೆದ್ದವರ ಮೇಲೂ ಸಂಶೋಧನೆ ಆಗಿದೆಯಲ್ಲ. ಗೆದ್ದವರು ಮೊದಲಿಗಿಂತ ದುಃಖಿಗಳಾಗಿದ್ದರಂತೆ.

ಅಂಕಿ ಸಂಖ್ಯೆ
ಎಲ್ಲರೂ ಹೀಗೆ ಹೇಳುತ್ತಾರೆ, ಅದು ಹಾಗಿಲ್ಲ. 1978ರ ಅಧ್ಯಯನ ಅದು. ಲಾಟರಿ ಗೆದ್ದವರು ಇದ್ದದ್ದು 22 ಜನ ಮಾತ್ರ. ಅವರು ದುಃಖಿಗಳಾಗಿರಲಿಲ್ಲ, ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳೂ ಆಗಿರಲಿಲ್ಲ. ತಿಂಡಿ ತಿನ್ನುವುದು, ಗೆಳೆಯರ ಜೊತೆ ಹರಟೆ ಹೊಡೆಯುವುದು, ಇಂಥ ದಿನದ ಸಣ್ಣ ಸಣ್ಣ ವಿಷಯದಲ್ಲಿ ಅವರಿಗೆ ಸಿಗುವ ಖುಷಿ ಕಮ್ಮಿ ಇತ್ತು. ಈಚೆಗೆ ಸ್ವೀಡನ್ನಿನಲ್ಲಿ ಸಾವಿರಾರು ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ತೃಪ್ತಿ ಹೆಚ್ಚಾಗಿತ್ತು, ಅದು ಹತ್ತು ವರ್ಷ ಕಳೆದರೂ ಇತ್ತು. ದಿನದ ಖುಷಿಯಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಇರಲಿಲ್ಲ. ಹಾಗಾಗಿ ದುಡ್ಡಿನಿಂದ ಏನೂ ಆಗುವುದಿಲ್ಲ ಅಂತ ಬಡವರಿಗೆ ಪಾಠ ಹೇಳುವುದು ಬೇಡ.

ಸುಮ್ನೆ ಬಂದೆ
ನನ್ನ ಮೇಲೆ ಪ್ರಯೋಗ ಮಾಡಲು ನಾನು ಸಿದ್ಧ. ಮೊತ್ತ ಎಷ್ಟಾದರೂ ಪರವಾಗಿಲ್ಲ.

ನೆರೂಳ್ ನಿವಾಸಿ
ನೆರೂಳಿನಲ್ಲಿ ಎರಡು ಹೋಟೆಲ್ ಇರುವ ಕುಂದಾಪುರದವರು ಅಂದರೆ ನನಗೆ ಗೊತ್ತಾಯಿತು ಅನಿಸುತ್ತದೆ. ಸ್ಟೇಷನ್ ಹತ್ತಿರದ್ದಲ್ವಾ? ಅಲ್ಲಿನ ನೀರ್ದೋಸೆ...

ನಿರ್ವಾಹಕ
ದಯವಿಟ್ಟು ಯಾರು, ಎಲ್ಲಿ ಅಂತ ಪತ್ತೆ ಹಚ್ಚಲು ಹೋಗಬೇಡಿ. ಮನೆ ವಿಷಯ. ಇದರ ಕೆಳಗೆ ಬಂದ ನೀರ್ದೋಸೆ ಚರ್ಚೆಯ ಹದಿನಾಲ್ಕು ಉತ್ತರಗಳನ್ನು ಬೇರೆ ಕಡೆ ಸಾಗಿಸಿದ್ದೇನೆ.

ಡೊಂಬಿವಲಿ ಲೋಕಲ್
ಎರಡು ದಿನ ಬರಲಾಗಲಿಲ್ಲ, ತಿಂಗಳ ಕೊನೆ, ಲೆಕ್ಕ ಮುಗಿಸುವ ಗಡಿಬಿಡಿ. ಎಲ್ಲ ಓದಿದೆ. ಪರೇಲಿನವರದ್ದು ಎರಡು ಸಲ ಓದಿದೆ.

ಮೊದಲೇ ಒಂದು ವಿಷಯ ಬರೆಯಲಿಲ್ಲ, ಈಗ ಬರೆಯುತ್ತೇನೆ. 2006ರಲ್ಲಿ ಪಾಲಿಗೆ ಸೇರಲು ನನ್ನ ಹತ್ತಿರ ಹಣ ಇತ್ತು. ಒಂದು ಲಕ್ಷದ ಎಂಬತ್ತು ಸಾವಿರ, ರಾತ್ರಿ ಶಾಲೆಯ ಕಾಲದಿಂದ ಕೂಡಿಸಿದ್ದು. ಅದೇ ತಿಂಗಳು ಊರಲ್ಲಿ ಅಪ್ಪ ಆಸ್ಪತ್ರೆಗೆ ಸೇರಿದರು. ಇಪ್ಪತ್ತಮೂರು ದಿನ. ಬಿಲ್ಲು ಅಕ್ಕನೂ ನಾನೂ ಅರ್ಧ ಅರ್ಧ ಕೊಡುವುದು ಅಂತ ಮಾತಾಗಿತ್ತು. ಅಕ್ಕನ ಅರ್ಧ ಅಂದರೆ ಭಾವನ ಹಣ, ಹೋಟೆಲಿನ ಡಿಪಾಸಿಟ್ಟಿಗೆ ಇಟ್ಟದ್ದು. ನಾನು, ನೀವು ಅದನ್ನು ಮುರಿಯಬೇಡಿ ಭಾವ, ಇದು ನಾನು ನೋಡಿಕೊಳ್ಳುತ್ತೇನೆ ಅಂದೆ. ಪೂರ್ತಿ ನಾನೇ ಕಟ್ಟಿದೆ. ಅಪ್ಪ ಉಳಿಯಲಿಲ್ಲ.

ಗಲ್ಲಾಪೆಟ್ಟಿಗೆ
ಅಯ್ಯೋ ದೇವರೇ. ಇಷ್ಟು ಆಗಿ ಅವರು ಎಲ್ಲರೆದುರು ಸಣ್ಣ ಮನಸ್ಸು ಅಂದರಾ? ನನ್ನ ಮಾತೆಲ್ಲ ವಾಪಸ್ಸು. ಆ ಹೋಟೆಲಿನ ಪಾಯವೇ ನಿಮ್ಮದು!

ಹಿಂಜವಡಿ ನೈಟ್ ಶಿಫ್ಟ್
ಹೇಳಿಬಿಡಿ ಸರ್. ಮುಂದಿನ ಪೂಜೆಯಲ್ಲಿ, ಎಲೆ ಅಡಿಕೆ ಹೊತ್ತಿಗೆ.

ಡೊಂಬಿವಲಿ ಲೋಕಲ್
ಹೇಳುವುದಿಲ್ಲ. ಹೇಳಿದರೆ ಅದು ಸಾಲ ಆಗಿಬಿಡುತ್ತದೆ. ಅಪ್ಪನಿಗೆ ಕಟ್ಟಿದ್ದು ನಾನು.

ಮತ್ತೆ ಇನ್ನೂ ಒಂದು ಇದೆ, ಇದು ಬರೆಯಲು ಜಾಸ್ತಿ ಕಷ್ಟ. ಆಸ್ಪತ್ರೆಯ ಕೌಂಟರಿನಲ್ಲಿ ಹಣ ಎಣಿಸಿ ಕೊಟ್ಟು ಹೊರಗೆ ಬಂದಾಗ ದುಃಖದ ಜೊತೆಗೇ ಒಂಥರಾ ಹಗುರ ಆಯಿತು. ಇನ್ನು ಹೋಟೆಲಿಗೆ ಹೋಗಬೇಕಾಗಿಲ್ಲ ಅಂತ. ಆ ಹಿಂದಿನ ಒಂದು ತಿಂಗಳು ನನಗೆ ಹೊಟ್ಟೆಯಲ್ಲಿ ತಳಮಳ. ಮುನ್ಸಿಪಾಲ್ಟಿಯವರು, ಅಡಿಗೆ ಭಟ್ರು ಬಿಟ್ಟು ಹೋಗುವುದು, ಗ್ಯಾಸು, ಬಾಡಿಗೆ, ಇದೇ ಯೋಚನೆ. ಹಣ ಖರ್ಚಾಗದೇ ಇದ್ದರೂ ನಾನು ಬೇರೆ ಏನೋ ನೆಪ ಹುಡುಕುತ್ತಿದ್ದೆನೋ ಏನೋ. ಆಮೇಲೆ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು "ಹಣ ಇರಲಿಲ್ಲ" ಅಂತ. ಹಾಗಾಗಿ ಭಾವ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಅಷ್ಟು ಚುಚ್ಚಿತು.

ಟಿಪ್ಪರ್ ಅಣ್ಣ (ಗೋವಾ)
ಇದನ್ನ ಬರೆಯೋ ಧೈರ್ಯ ಇದ್ದವನಿಗೆ ಹೋಟೆಲ್ ನಡೆಸೋ ಧೈರ್ಯ ಇರಲಿಲ್ಲ ಅಂದ್ರ ನಾ ನಂಬಾಂಗಿಲ್ಲ.

ಮಾಟುಂಗಾ ಮಲ್ಲಿಗೆ
ಹೆದರಿಕೆಗೆ ಯಾಕೆ ಅಷ್ಟು ನಾಚಿಕೆ? 2020ರಲ್ಲಿ ನಮ್ಮ ಚಿಕ್ಕಪ್ಪನ ಹೋಟೆಲು ಮಾರ್ಚಿನಲ್ಲಿ ಮುಚ್ಚಿತು, ಅಕ್ಟೋಬರ್ 5ಕ್ಕೆ ಅರ್ಧ ಟೇಬಲ್ ಹಾಕಿ ತೆರೆಯಬಹುದು ಅಂತ ಸರಕಾರ ಹೇಳುವ ಹೊತ್ತಿಗೆ ಹುಡುಗರೆಲ್ಲ ಊರಿಗೆ ಹೋಗಿ ಆಗಿತ್ತು. ತಳಮಳ ಆಗುವವರಿಗೆ ಆ ಏಳು ತಿಂಗಳು ಹೇಗಿರುತ್ತಿತ್ತು? ನಿಮ್ಮ ಹೊಟ್ಟೆಗೆ ನಿಮ್ಮ ಅಳತೆ ಗೊತ್ತಿತ್ತು.

ಕೋಥ್ರೂಡ್ ಕಾಫಿ
ಇದಕ್ಕೆ ನಾನು ಒಪ್ಪುವುದಿಲ್ಲ. ನಂತರ ಏನಾಯಿತು ಅಂತ ನೋಡಿ ಆಗಿನ ಹೆದರಿಕೆಯನ್ನು ಜಾಣತನ ಮಾಡುವುದು ತಪ್ಪು. ಭಾವನವರು ಲಾಕ್‌ಡೌನ್ ದಾಟಿ ಎರಡನೇ ಹೋಟೆಲ್ ಹಾಕಿದ್ದಾರೆ ತಾನೇ?

ಮಾಟುಂಗಾ ಮಲ್ಲಿಗೆ
ಮಾತ್ರೆ ತಗೊಂಡು.

ಮುಲುಂದ್ ಟೀಚರಮ್ಮ
ನೀವಿಬ್ಬರೂ ಜಗಳ ಸಾಕು ಮಾಡಿ. ಮಗನಿಗೆ ಏನು ಹೇಳಿದಿರಿ? ಮೆಟ್ಟಿಲ ಮೇಲೆ ಕೇಳಿದ ಹುಡುಗ ಇನ್ನೂ ಅಲ್ಲೇ ನಿಂತಿದ್ದಾನೆ ನನ್ನ ಕಣ್ಣಲ್ಲಿ.

ಡೊಂಬಿವಲಿ ಲೋಕಲ್
ಟೀಚರ್, ನಿನ್ನೆ ರಾತ್ರಿ ಹೇಳಿದೆ. ಬಿಲ್ಲಿನದ್ದೂ ಹೇಳಿದೆ, ಹೆದರಿಕೆಯದ್ದೂ ಹೇಳಿದೆ. ಮಾವನ ಹತ್ತಿರ ಬಾಯಿ ಬಿಡಬೇಡ ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮೊಬೈಲ್ ನೋಡುತ್ತಾ ಇದ್ದ. ಕೇಳಿಸಿತೋ ಇಲ್ಲವೋ ಅಂದುಕೊಂಡೆ. ಆಮೇಲೆ, "ಮಾವನಿಗೂ ಹೆದರಿಕೆ ಆಗಿತ್ತಾ?" ಅಂತ ಕೇಳಿದ. ಗೊತ್ತಿಲ್ಲ ಮಗ, ಕೇಳಲೇ ಇಲ್ಲ ಅಂದೆ. ನಿಜವಾಗಿ ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಸುಮ್ನೆ ಬಂದೆ
ಹುಡುಗ ಚುರುಕಿದ್ದಾನೆ. ಕ್ಷಮಿಸಿ ಟೀಚರ್, ಚೆನ್ನಾಗಿ ಶ್ರಮ ಹಾಕಿದ್ದಾನೆ.

ಡೊಂಬಿವಲಿ ಲೋಕಲ್
(ಒಂದು ವಾರದ ನಂತರ) ಇವತ್ತು ಭಾನುವಾರ ಮಗನನ್ನು ಕರೆದುಕೊಂಡು ಹೋಗಿದ್ದೆ. ಮನೆಗಲ್ಲ, ಹೋಟೆಲಿಗೆ. ಭಟ್ರು ಒಬ್ಬರು ರಜೆ, ಭಾವ ತಾವೇ ಕಾವಲಿ ಎದುರು ನಿಂತು ದೋಸೆ ಹೊಯ್ಯುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಕಾವಲಿಗೆ ನೀರು ಚಿಮುಕಿಸಿ ಹಿಡಿಕಡ್ಡಿಯಲ್ಲಿ ಗುಡಿಸುವ ಕೈ ಇನ್ನೂ ಹಾಗೇ ಇದೆ, ಕೋಟೆಯ ಹೋಟೆಲಿನಲ್ಲಿ ಇದ್ದ ಹಾಗೆ. ಗಲ್ಲಾದಲ್ಲಿ ಯಾರೂ ನಂಬಿಕೆಯವರು ಇರಲಿಲ್ಲ, ಅದಕ್ಕೆ ದೋಸೆ ಮಗುಚುವ ಮಧ್ಯೆ ಮಧ್ಯೆ ಓಡಿ ಬಂದು ಹಣ ತಗೊಳ್ಳುವುದು. ನಾನು ಏನೂ ಹೇಳದೆ ಗಲ್ಲಾದಲ್ಲಿ ಹೋಗಿ ಕೂತೆ. ಮಗ ಟೋಕನ್ ಹರಿದು ಕೊಟ್ಟ.

ಮೂರು ಗಂಟೆಗೆ ಗಿರಾಕಿ ಕಮ್ಮಿ ಆದಾಗ ಚಹಾ ಕುಡಿಯುತ್ತಾ ಕೇಳಿದೆ. ಭಾವ, 2006ರಲ್ಲಿ ನಿಮಗೆ ಹೆದರಿಕೆ ಆಗಿತ್ತಾ ಅಂತ. ಅವರು ಚಹಾ ಲೋಟ ಕೆಳಗಿಟ್ಟರು. "ಮೊದಲನೇ ದಿನ ಶಟರ್ ಎತ್ತುವಾಗ ಕೈ ನಡುಗಿ ಕೀಲಿ ಎರಡು ಸಲ ಕೆಳಗೆ ಬಿತ್ತು ಮಾರಾಯ. ನೀನು ಇದ್ದಿದ್ದರೆ ಅಂತ ಅನಿಸಿತ್ತು. ನೀನು ಬರಲಿಲ್ಲ ಅಂತ ನನಗೆ ಸಿಟ್ಟು, ಇನ್ನೂ ಇದೆ." ಇಷ್ಟೇ. ನಾನು ಬಿಲ್ಲಿನ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಅವರಿಗೆ ಮರೆತಿದೆ ಅಂತ ನನಗೆ ಈಗ ಅನಿಸುವುದಿಲ್ಲ.

ಆಮೇಲೆ, "ಒಂದು ಹತ್ತು ನಿಮಿಷ ಗಲ್ಲಾ ನೋಡ್ತೀಯಾ" ಅಂತ ಹಿಂದೆ ಹೋದರು. ಒಂದು ಗಂಟೆಯಾದರೂ ಬರಲಿಲ್ಲ. ಮಗ ಹೋಗಿ ನೋಡಿಕೊಂಡು ಬಂದ. ಅಕ್ಕಿ ಮೂಟೆಗೆ ಒರಗಿ ಮಲಗಿದ್ದಾರೆ, ಗೊರಕೆ ಹೊರಗಿನವರೆಗೆ ಕೇಳಿಸುತ್ತದೆ ಅಂದ. ಎಬ್ಬಿಸಬೇಡ ಅಂದೆ.

ಟಿಪ್ಪರ್ ಅಣ್ಣ (ಗೋವಾ)
ಮಾತ್ರೆ ಇಲ್ಲದ?

ಡೊಂಬಿವಲಿ ಲೋಕಲ್
ಇಲ್ಲದೆ.

ಗಲ್ಲಾಪೆಟ್ಟಿಗೆ
ಅದೆಲ್ಲ ಇರಲಿ, ಸಂಜೆ ಗಲ್ಲಾ ಲೆಕ್ಕ ಸರಿ ಬಂತಾ?

ಡೊಂಬಿವಲಿ ಲೋಕಲ್
ಹನ್ನೆರಡು ರೂಪಾಯಿ ಜಾಸ್ತಿ ಬಂತು. ಯಾರಿಗೋ ಚಿಲ್ಲರೆ ಕೊಡಲು ಮರೆತಿದ್ದೇನೆ. ಎಷ್ಟು ಹುಡುಕಿದರೂ ಯಾರಿಗೆ ಅಂತ ಸಿಗಲಿಲ್ಲ.